ಹಲ್ಲಿನ ಸೆಟ್ ಇನ್ನು ಮುಂದೆ ಎರಡೇ ಭೇಟಿಯಲ್ಲಿ ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ತಿಪಟೂರಿಗೆ ಕೊಬ್ಬರಿ ಮಾರಲು ಬಂದ ದಿನ ಹಲ್ಲಿನ ಅಳತೆ ಕೊಡುವುದು, ಮುಂದಿನ ಹರಾಜಿಗೆ ಬಂದಾಗ ಸೆಟ್ ಹಾಕಿಸಿಕೊಂಡು ಊರಿಗೆ ಹೋಗುವುದು. ನಿಮ್ಮಲ್ಲಿ ಬಹಳ ಜನರಿಗೆ ಇದೇ ರೂಢಿ. ನಮ್ಮ ಕ್ಲಿನಿಕ್ಕಿಗೂ, ಹಿಂದಿನ ಕೋಣೆಯಲ್ಲಿರುವ ನಮ್ಮ ಪುಟ್ಟ ಲ್ಯಾಬಿಗೂ ಅದೇ ರೂಢಿಯಾಗಿತ್ತು. ಬರುವ ತಿಂಗಳ 1ನೇ ತಾರೀಕಿನಿಂದ ಇದನ್ನು ಬದಲಾಯಿಸುತ್ತಿದ್ದೇವೆ.

ಬಾಯಲ್ಲಿ ಕೆಲವು ಹಲ್ಲು ಮಾತ್ರ ಇಲ್ಲದವರಿಗೆ ಕೊಡುವ, ತೆಗೆದು ಹಾಕುವ ಕ್ಲಿಪ್ ಸೆಟ್‌ಗೆ ಇನ್ನು ಮುಂದೆ ಕಡಿಮೆ ಅಂದರೂ ಐದು ಸಲ ಬರಬೇಕಾಗುತ್ತದೆ. ಸುಮಾರು ಒಂದು ತಿಂಗಳು ಹಿಡಿಯುತ್ತದೆ. ದರವೂ ಈಗಿನದಕ್ಕಿಂತ ಜಾಸ್ತಿ ಆಗುತ್ತದೆ. ಇದು ನಿಮಗೆ ಖುಷಿಯ ಸುದ್ದಿ ಅಲ್ಲ ಅಂತ ಗೊತ್ತು. ಹಾಗಾಗಿ ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಬಂದಿದ್ದರು. ಕೆಳಗಿನ ದವಡೆಯಲ್ಲಿ ಎರಡೂ ಕಡೆ ಅಗಿಯುವ ಹಲ್ಲು ಒಂದೂ ಇರಲಿಲ್ಲ. ಮುಂದಿನ ಹಲ್ಲುಗಳು ಇದ್ದವು, ಆದರೆ ಒಸಡು ಊದಿತ್ತು, ಮುಟ್ಟಿದರೆ ರಕ್ತ ಬರುತ್ತಿತ್ತು. ಮೊಮ್ಮಗಳ ಮದುವೆ ಹತ್ತಿರ ಇತ್ತು. ನಾವು ಅಳತೆ ತೆಗೆದು, ಎರಡು ಕಡೆ ತಂತಿ ಕ್ಲಿಪ್ ಇಟ್ಟು, ಬೇಗನೆ ಸೆಟ್ ಕೊಟ್ಟೆವು. ಅಜ್ಜಿ ಸಂತೋಷದಿಂದ ಹೋದರು. ಒಂದೂವರೆ ವರ್ಷ ಆದ ಮೇಲೆ ಮತ್ತೆ ಬಂದರು. ಸೆರಗಿನ ಗಂಟು ಬಿಚ್ಚಿ ಸೆಟ್ಟನ್ನು ಮೇಜಿನ ಮೇಲಿಟ್ಟರು. ಅದರ ಒಂದು ಕ್ಲಿಪ್ಪಿನಲ್ಲಿ ಅವರ ಸ್ವಂತ ಹಲ್ಲು, ಬೇರಿನ ಸಮೇತ, ಹಾಗೇ ಸಿಕ್ಕಿಕೊಂಡಿತ್ತು. ‘ಸೆಟ್ ತೆಗೆಯುವಾಗ ಜೊತೆಗೇ ಬಂತು, ನೋವೇನೂ ಆಗಲಿಲ್ಲ’ ಅಂದರು. ನಮ್ಮನ್ನು ಬೈಯಲಿಲ್ಲ. ಆದರೆ ತಪ್ಪು ನಮ್ಮದೇ.

ಹಾಗೇಕೆ ಆಯಿತು ಅಂತ ನಿಮಗೂ ಗೊತ್ತಿರಬೇಕು. ಪೂರ್ತಿ ಹಲ್ಲಿಲ್ಲದವರ ಸೆಟ್ ಒಸಡಿನ ಮೇಲೆ ಕೂರುತ್ತದೆ. ಕೆಲವು ಹಲ್ಲು ಉಳಿದಿರುವವರ ಸೆಟ್ ಆ ಉಳಿದ ಹಲ್ಲುಗಳನ್ನು ಹಿಡಿದುಕೊಂಡು ನಿಲ್ಲುತ್ತದೆ. ಎಡ್ವರ್ಡ್ ಕೆನಡಿ ಎಂಬ ದಂತವೈದ್ಯರು 1925ರಲ್ಲಿ ಇಂಥ ಬಾಯಿಗಳನ್ನು ನಾಲ್ಕು ವರ್ಗ ಮಾಡಿದರು. ದಂತವೈದ್ಯರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಅಜ್ಜಿಯದು ಅದರಲ್ಲಿ ಒಂದನೇ ವರ್ಗ: ಎರಡೂ ಕಡೆ ಹಿಂದಿನ ಹಲ್ಲಿಲ್ಲ. ಇಲ್ಲಿ ಸೆಟ್‌ನ ಮುಂದಿನ ತುದಿ ಗಟ್ಟಿ ಹಲ್ಲಿಗೆ ಆತುಕೊಂಡಿರುತ್ತದೆ, ಹಿಂದಿನ ತುದಿ ಮೆತ್ತನೆಯ ಒಸಡಿನ ಮೇಲಿರುತ್ತದೆ. ಅಗಿದಾಗ ಒಸಡು ಒತ್ತಿಕೊಳ್ಳುತ್ತದೆ, ಹಲ್ಲು ಅಷ್ಟು ಒತ್ತಿಕೊಳ್ಳುವುದಿಲ್ಲ. ಆಗ ಸೆಟ್ ಏತದ ಹಾಗೆ ತೂಗುತ್ತದೆ, ಕ್ಲಿಪ್ ಹಾಕಿದ ಹಲ್ಲನ್ನು ಪ್ರತಿ ತುತ್ತಿಗೂ ಅಲ್ಲಾಡಿಸುತ್ತದೆ. ದನ ಕಟ್ಟುವ ಗೂಟವನ್ನು ಕೀಳುವಾಗ ನಾವೇನು ಮಾಡುತ್ತೇವೆ? ಅತ್ತ ಇತ್ತ ಅಲ್ಲಾಡಿಸುತ್ತೇವೆ, ಅಲ್ವಾ? ಒಸಡು ಕೆಟ್ಟು ಮೊದಲೇ ಸಡಿಲ ಆಗಿದ್ದ ಹಲ್ಲು ಇದನ್ನು ಎಷ್ಟು ದಿನ ತಡೆದೀತು?

ಅದಕ್ಕೇ ಇನ್ನು ಮುಂದೆ ಮೊದಲ ಭೇಟಿಯಲ್ಲಿ ನಾವು ಸೆಟ್‌ನ ಅಳತೆ ತೆಗೆಯುವುದೇ ಇಲ್ಲ. ಉಳಿದ ಹಲ್ಲುಗಳನ್ನು ನೋಡುತ್ತೇವೆ. ಎಕ್ಸ್‌ರೇ ತೆಗೆದು ಬೇರಿನ ಸುತ್ತ ಮೂಳೆ ಎಷ್ಟಿದೆ ನೋಡುತ್ತೇವೆ. ಕ್ಲೀನಿಂಗ್, ಹುಳುಕು ತುಂಬುವುದು, ಉಳಿಯದ ಹಲ್ಲು ತೆಗೆಯುವುದು, ಇದೆಲ್ಲ ಆದ ಮೇಲೆಯೇ ಅಳತೆ. ಆಮೇಲೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕಚ್ಚು ಹೊಂದಿಸುವುದು. ಅದಾದ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ತೋರಿಸುತ್ತೇವೆ. ಬಣ್ಣ, ಉದ್ದ, ನಗುವಾಗ ಕಾಣುವ ರೀತಿ, ಏನು ಬದಲಾಯಿಸಬೇಕಿದ್ದರೂ ಅವತ್ತೇ ಹೇಳಿ. ಮೇಣವನ್ನು ಸರಿ ಮಾಡುವುದು ಸುಲಭ. ದಯವಿಟ್ಟು ಆ ದಿನ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ. ನಿಮ್ಮ ನಗು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕ್ಲಿಪ್ ಹಾಕುವ ಹಲ್ಲಿನ ಮೇಲೆ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಆಳದ ಪುಟ್ಟ ಗುಳಿ ಮಾಡುತ್ತೇವೆ. ‘ಒಳ್ಳೆ ಹಲ್ಲನ್ನು ಯಾಕೆ ಕೊರೆಯುತ್ತೀರಿ’ ಅಂತ ಬಹಳ ಜನ ಕೇಳುತ್ತಾರೆ. ಸೆಟ್‌ನ ಒಂದು ಸಣ್ಣ ಲೋಹದ ಬೆರಳು ಆ ಗುಳಿಯಲ್ಲಿ ಕೂರುತ್ತದೆ, ಕಂಬದ ಮೇಲೆ ತೊಲೆ ಕೂರುವ ಹಾಗೆ. ಆಗ ಅಗಿಯುವ ಭಾರ ಹಲ್ಲಿನ ಬೇರಿನ ಉದ್ದಕ್ಕೆ ಇಳಿಯುತ್ತದೆ, ಸೆಟ್ ಒಸಡಿನೊಳಗೆ ಹೂತುಹೋಗುವುದಿಲ್ಲ. ಅಜ್ಜಿಯ ಸೆಟ್‌ನಲ್ಲಿ ಇದು ಇರಲಿಲ್ಲ.

ದರ ಜಾಸ್ತಿ ಆಗಲು ಇನ್ನೊಂದು ಕಾರಣ, ಬಹಳ ಕಾಲ ಇರಬೇಕಾದ ಸೆಟ್‌ಗೆ ನಾವು ಇನ್ನು ಕೋಬಾಲ್ಟ್-ಕ್ರೋಮಿಯಂ ಲೋಹದ ಚೌಕಟ್ಟನ್ನೇ ಮೊದಲು ಹೇಳುತ್ತೇವೆ. ಅಕ್ರಿಲಿಕ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಪ್ಲೇಟು ಮುರಿಯದೆ ಇರಬೇಕಾದರೆ ಸುಮಾರು 2 ಮಿಲಿಮೀಟರ್ ದಪ್ಪ ಬೇಕು. ಲೋಹದ ಪ್ಲೇಟು ಅರ್ಧ ಮಿಲಿಮೀಟರ್ ಆಸುಪಾಸು ಇದ್ದರೂ ಸಾಕು. ನಾಲಿಗೆಗೆ ಜಾಗ ಸಿಗುತ್ತದೆ. ಕಾಫಿಯ ಬಿಸಿಯೂ ಅಂಗುಳಕ್ಕೆ ತಿಳಿಯುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಲೋಹದ ಸೆಟ್‌ಗೆ ಬದಲಾದವರು ಮೊದಲು ಹೇಳುವ ಮಾತು ಇದೇ. ಅಕ್ರಿಲಿಕ್ಕಿಗೂ ಅದರದೇ ಗುಣ ಇದೆ. ಇನ್ನೊಂದು ಹಲ್ಲು ಹೋದರೆ ಅದಕ್ಕೆ ಸುಲಭವಾಗಿ ಸೇರಿಸಬಹುದು. ಉಳಿದ ಹಲ್ಲುಗಳ ಮೇಲೆ ಭರವಸೆ ಇಲ್ಲದಿದ್ದರೆ ನಾವೇ ಅಕ್ರಿಲಿಕ್ ಸಾಕು ಅನ್ನುತ್ತೇವೆ. ಫಿಕ್ಸ್ ಹಲ್ಲು, ಇಂಪ್ಲಾಂಟ್ (ದವಡೆಯ ಮೂಳೆಗೆ ತಿರುಪು ಕೂರಿಸಿ ಹಾಕುವ ಹಲ್ಲು) ಬೇಕೆನ್ನುವವರಿಗೆ ಅದು ಹೊಂದುತ್ತದೆಯೋ ಇಲ್ಲವೋ ಮೊದಲ ದಿನವೇ ಹೇಳುತ್ತೇವೆ.

ಒಂದು ಬಗೆಯ ಸೆಟ್ಟನ್ನು ಮಾತ್ರ ಪೂರ್ತಿ ನಿಲ್ಲಿಸುತ್ತಿದ್ದೇವೆ. ಒಂದೇ ಬದಿಯಲ್ಲಿ, ಒಂದೋ ಎರಡೋ ಹಲ್ಲಿಗೆ ಮಾಡುವ ಬೆರಳ ತುದಿಯಷ್ಟು ಚಿಕ್ಕ ಸೆಟ್. ಹಾಕಲು ಹಗುರ, ನಿಜ. ಆದರೆ ಊಟದಲ್ಲೋ ನಿದ್ದೆಯಲ್ಲೋ ಅದು ಸಡಿಲ ಆಗಿ ಗಂಟಲಿಗೆ ಜಾರಬಹುದು. ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಒಳಗೆ ಹೋದದ್ದನ್ನು ಹುಡುಕುವುದೇ ಕಷ್ಟ, ಕ್ಲಿಪ್ಪಿನ ಮೊನೆ ಚುಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ. ಇಂಥ ಚಿಕ್ಕ ಸೆಟ್ ಈಗ ನಿಮ್ಮ ಬಾಯಲ್ಲಿದ್ದರೆ, ಅದು ಎಲ್ಲೇ ಮಾಡಿಸಿದ್ದಾಗಿರಲಿ, ದಯವಿಟ್ಟು ತಡ ಮಾಡದೆ ಬಂದು ತೋರಿಸಿ. ಅಲ್ಲಿಯವರೆಗೆ ರಾತ್ರಿ ಹಾಕಿಕೊಂಡು ಮಲಗಲೇಬೇಡಿ.

ಮದುವೆ, ಗೃಹಪ್ರವೇಶ ಅಂತ ಮುಂದಿನ ಹಲ್ಲು ಬೇಗ ಬೇಕಾದವರನ್ನು ನಾವು ವಾಪಸ್ ಕಳಿಸುವುದಿಲ್ಲ. ತಾತ್ಕಾಲಿಕ ಸೆಟ್ ಕೊಡುತ್ತೇವೆ. ಆದರೆ ಅದು ತಾತ್ಕಾಲಿಕ ಅಂತ ನಿಮ್ಮ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಹಲ್ಲು ತೆಗೆದ ಜಾಗದ ಒಸಡು ಆರಲು ಆರರಿಂದ ಎಂಟು ವಾರ ಬೇಕು. ಒಳಗಿನ ಮೂಳೆ ಮೊದಲ ಆರು ತಿಂಗಳು ಜಾಸ್ತಿ ಕರಗುತ್ತದೆ. ಇವತ್ತು ಬಿಗಿಯಾಗಿದ್ದ ಸೆಟ್ ಮೂರು ತಿಂಗಳಲ್ಲಿ ಸಡಿಲ ಆಗುವುದು ಇದಕ್ಕೇ.

ಹಾಗಂತ ಹಲ್ಲು ಹೋದ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡಬೇಡಿ. ಮುದ್ದೆ ಉಣ್ಣುವ ನಮ್ಮ ಸೀಮೆಯಲ್ಲಿ ದವಡೆ ಹಲ್ಲು ಹೋದದ್ದು ಬೇಗ ಗಮನಕ್ಕೆ ಬರುವುದಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದರೆ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತಾ ಬರುತ್ತದೆ, ಎದುರಿನ ಹಲ್ಲು ಇಳಿಯುತ್ತದೆ ಇಲ್ಲವೇ ಏಳುತ್ತದೆ. ಕೊನೆಗೆ ಚಕ್ಕುಲಿ ಕಡಿಯಲು ಆಗುತ್ತಿಲ್ಲ ಅಂತ ಬಂದಾಗ ಹಲ್ಲು ಕೂರಿಸಲು ಜಾಗವೇ ಇರುವುದಿಲ್ಲ.

ಈಗ ಹಣದ ಮಾತು. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಕೆಲಸ ಮಾತ್ರ ಹೊಸ ಕ್ರಮದಲ್ಲಿ ನಡೆಯುತ್ತದೆ. ಅಷ್ಟು ಸಲ ಬರಲು ಆಗುವುದಿಲ್ಲ ಅನ್ನುವವರಿಗೆ ಪೂರ್ತಿ ಹಣ ವಾಪಸ್. ಹೊಸಬರು ಮೂರು ಕಂತಿನಲ್ಲಿ ಕೊಡಬಹುದು, ಕೊನೆಯ ಕಂತು ಸೆಟ್ ಹಾಕಿಕೊಂಡು ಎರಡು ವಾರ ಊಟ ಮಾಡಿದ ಮೇಲೆ. ಮೊದಲ ವರ್ಷದ ತಪಾಸಣೆ, ಕ್ಲಿಪ್ ಬಿಗಿ ಮಾಡುವುದು, ಒತ್ತುವ ಕಡೆ ಉಜ್ಜಿ ಸರಿ ಮಾಡುವುದು ದರದಲ್ಲೇ ಸೇರಿದೆ. ಹೊಸ ಸೆಟ್ ಒತ್ತಿ ಹುಣ್ಣಾದರೆ ಒಳಗೇ ಸಹಿಸಿಕೊಂಡು ಕೂರಬೇಡಿ. ಮನೆಯಲ್ಲಿ ಬ್ಲೇಡಿನಿಂದ ಕೆರೆಯುವುದೂ ಬೇಡ, ಮುರಿದರೆ ಅಂಗಡಿಯ ಅಂಟು ಹಚ್ಚುವುದೂ ಬೇಡ. ಅಂಟಿಸಿ ತಂದ ಸೆಟ್ಟನ್ನು ಮತ್ತೆ ಸರಿಯಾಗಿ ಹೊಂದಿಸುವುದು ಬಹಳ ಕಷ್ಟ.

ದಿನದ ಆರೈಕೆ ಕಷ್ಟದ್ದಲ್ಲ. ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಿ. ಕಚ್ಚಿ ಕೂರಿಸಿದರೆ ಕ್ಲಿಪ್ ಬಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಅಂಗುಳ ಕೆಂಪಾಗಿ ಉರಿಯುತ್ತದೆ, ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಕುದಿಯುವ ನೀರಿಗೆ ಹಾಕಬೇಡಿ, ಅಕ್ರಿಲಿಕ್ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ. ಸೆಟ್ ಮುರಿದುಕೊಂಡು ಬರುವವರಲ್ಲಿ ಬಹಳ ಜನ ಹೇಳುವುದು ‘ತೊಳೆಯುವಾಗ ಕೈ ಜಾರಿತು’ ಅಂತಲೇ. ಮುಖ್ಯವಾಗಿ, ಸೆಟ್ ಇಲ್ಲದಾಗ ಕ್ಲಿಪ್ ಕೂರುವ ಹಲ್ಲುಗಳನ್ನು ಚೆನ್ನಾಗಿ ಉಜ್ಜಿ. ತಂತಿಯ ಕೆಳಗೆ ಅನ್ನದ ಅಗುಳು ನಿಂತು ಆ ಹಲ್ಲಿಗೇ ಮೊದಲು ಹುಳುಕು ಬರುತ್ತದೆ.

ಆ ಅಜ್ಜಿಗೆ ನಾವು ಹಣ ತೆಗೆದುಕೊಳ್ಳದೆ ಹೊಸದಾಗಿ ಕೆಲಸ ಮಾಡಿಕೊಟ್ಟೆವು. ಹೋದ ಹಲ್ಲು ಮಾತ್ರ ಹೋಯಿತು. ನಮ್ಮಲ್ಲಿ ಹಿಂದೆ ಸೆಟ್ ಮಾಡಿಸಿಕೊಂಡ ಎಲ್ಲರಿಗೂ ದೀಪಾವಳಿ ತನಕ ತಪಾಸಣೆ ಉಚಿತ ಇಟ್ಟಿದ್ದೇವೆ. ಕಾರ್ಡ್ ಕಳೆದುಹೋಗಿದ್ದರೂ ಪರವಾಗಿಲ್ಲ. ಬರುವಾಗ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ತರಬೇಡಿ, ಬಾಯಲ್ಲಿ ಹಾಕಿಕೊಂಡೇ ಬನ್ನಿ. ಅದು ಎಲ್ಲಿ ತೂಗುತ್ತದೆ, ಯಾವ ಹಲ್ಲನ್ನು ಎಳೆಯುತ್ತದೆ ಅನ್ನುವುದು ಹಾಗೆ ಬಂದರೆ ಮಾತ್ರ ನಮಗೆ ಕಾಣುತ್ತದೆ.

ನಿಮ್ಮ ವಿಶ್ವಾಸಿಗಳು,
ಕ್ಲಿನಿಕ್ ಮತ್ತು ಲ್ಯಾಬಿನ ಎಲ್ಲರೂ