ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ಭಂಗಾರಿಗೆ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ದೀಪಾವಳಿಗೆ ಮನೆ ಗುಡಿಸಿ ಸಾರಿಸುವ ಕೆಲಸ ಶುರುವಾಯಿತೆಂದರೆ ಮುಂಬಯಿಯ ಭಂಗಾರ್‌ವಾಲಾಗಳ, ಅಂದರೆ ಗುಜರಿಯವರ, ಕೈಗಾಡಿಗಳ ಮೇಲೆ ಹಳೆಯ ವ್ಯಾಕ್ಯೂಮ್ ಕ್ಲೀನರುಗಳು ಕಾಣಿಸತೊಡಗುತ್ತವೆ. ಚಕ್ರದ ಮೇಲೆ ಉರುಳುವ ಡಬ್ಬಿ, ಉದ್ದದ ಹೋಸ್ ಪೈಪು, ಒಳಗೆ ಬಟ್ಟೆಯ ಚೀಲ ಇರುವ ಮಾದರಿ ಅದು. ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸೇರಿ 1982ರಲ್ಲಿ ಯುರೇಕಾ ಫೋರ್ಬ್ಸ್ ಆರಂಭಿಸಿ ಮನೆಬಾಗಿಲಿಗೇ ಬಂದು ಮಾರತೊಡಗಿದ ಮೇಲೆ ನಮ್ಮಲ್ಲಿ ಪರಿಚಿತವಾದ ಯಂತ್ರ. "ಎಳೆಯುತ್ತಿಲ್ಲ, ಮೋಟಾರು ಹೋಗಿದೆ" ಎಂದು ಅದನ್ನು ಕೊಟ್ಟುಬಿಡುತ್ತಾರೆ. ಎಳೆತ ಕಡಿಮೆಯಾದ ಯಂತ್ರದಲ್ಲಿ ಮೋಟಾರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕಟ್ಟಿರುವುದು ಗಾಳಿಯ ದಾರಿ.

ಈ ಬಗೆಯ ಹೆಚ್ಚಿನ ಯಂತ್ರಗಳಲ್ಲಿ ಚೀಲ ದಾಟಿ ಬಂದ ಗಾಳಿಯೇ ಮೋಟಾರಿನ ಮೈಮೇಲೆ ಹರಿದು ಅದನ್ನು ತಣ್ಣಗಿಡುತ್ತದೆ. ದಾರಿ ಕಟ್ಟಿದರೆ ಧೂಳು ಏಳುವುದಿಲ್ಲ, ಮೋಟಾರೂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಕರೆಂಟು ತಡೆಯುವ ಥರ್ಮಲ್ ಕಟೌಟ್ ಇದ್ದರೆ ಯಂತ್ರ ತಾನೇ ನಿಂತು, ಮುಕ್ಕಾಲು ಗಂಟೆ, ಒಂದು ಗಂಟೆ ಆರಿದ ಮೇಲೆ ಮತ್ತೆ ಓಡುತ್ತದೆ. ಇಲ್ಲದಿದ್ದರೆ ವೈಂಡಿಂಗ್, ಅಂದರೆ ಮೋಟಾರಿನ ತಂತಿಯ ಸುತ್ತು, ಸುಡುತ್ತದೆ. ಮೊದಲ ಸುಳಿವು ಕೊಡುವುದು ಕಿವಿ. ಸದ್ದು ಎಂದಿಗಿಂತ ಸಣ್ಣಗೆ, ಕೀರಲಾಗಿ ಏರಿದರೆ ಗಾಳಿ ಕಟ್ಟಿದೆ. ತಳ್ಳಲು ಗಾಳಿಯಿಲ್ಲದೆ ಹೊರೆ ಇಳಿದ ಫ್ಯಾನು ಇನ್ನೂ ಜೋರಾಗಿ ತಿರುಗುವುದರಿಂದ ಹಾಗಾಗುತ್ತದೆ. ಸದ್ದು ದಪ್ಪವಾಗಿ, ಗರಗರ ಎಂದರೆ ಆಗ ಮೋಟಾರನ್ನು ಅನುಮಾನಿಸಬೇಕು.

ಹೋಸ್ ಕಳಚಿ, ಡಬ್ಬಿಯ ಬಾಯಿಗೆ ಅಂಗೈ ಒತ್ತಿ ಯಂತ್ರ ಹಾಕಿ ನೋಡಿ. ಕೈ ಬಲವಾಗಿ ಕಚ್ಚಿಕೊಂಡರೆ ದೋಷ ಹೋಸಿನಲ್ಲೋ ಉದ್ದ ಕೊಳವೆಯಲ್ಲೋ ಇದೆ. ಹೋಸನ್ನು ನೆಟ್ಟಗೆ ಹಿಡಿದು ಮೇಲಿನಿಂದ ಒಂದು ರೂಪಾಯಿ ನಾಣ್ಯ ಬಿಡಿ, ಕೆಳಗೆ ಬೀಳದಿದ್ದರೆ ಅಡ್ಡ ಸಿಕ್ಕಿದೆ. ಹಿಡಿಕೆಯ ಬಾಗಿನಲ್ಲಿ ಹೇರ್‌ಪಿನ್ನೋ ಟೂತ್‌ಪಿಕ್ಕೋ ಅಡ್ಡ ನಿಂತು, ಅದಕ್ಕೆ ಕೂದಲು ಸುತ್ತಿಕೊಂಡಿರುತ್ತದೆ. ಕಬ್ಬಿಣದ ಸರಳು ತೂರಿಸಬೇಡಿ, ಹೋಸ್ ಹರಿಯುತ್ತದೆ. ಹಳೆಯ ಯಂತ್ರಗಳಿಗೆ ಬ್ಲೋವರ್ ಬಾಯಿ ಇರುತ್ತದಲ್ಲ, ಹೋಸನ್ನು ಅಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಹಳೆಯ ದಿಂಬಿನ ಚೀಲ ಕಟ್ಟಿ ಊದಿಸಿದರೆ ಕಸ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಹೋಸ್ ಸೀಳುವುದು ಹೆಚ್ಚಾಗಿ ಕುತ್ತಿಗೆಯ ಹತ್ತಿರ. ಸೀಳಿದ ಎರಡು ಮೂರು ಇಂಚು ಕತ್ತರಿಸಿ, ತುದಿಯ ಪ್ಲಾಸ್ಟಿಕ್ ಬಳೆಯನ್ನು ಮತ್ತೆ ತಿರುಪಿದರೆ ಆಯಿತು. ಟೇಪು ಸುತ್ತುವುದು ನಾಲ್ಕು ದಿನದ ಉಪಾಯ.

ಅಂಗೈಗೆ ಎಳೆತ ಸಿಗದಿದ್ದರೆ ಚೀಲ ನೋಡಬೇಕು. ಅದನ್ನು ತೆಗೆದು, ಮೋಟಾರಿನ ಮುಂದಿನ ಫಿಲ್ಟರ್ ಇದ್ದಲ್ಲೇ ಇರಿಸಿ, ಐದೇ ಸೆಕೆಂಡು ಓಡಿಸಿ. ಎಳೆತ ಬಂದರೆ ಚೀಲವೇ ಕಾರಣ. ಚೀಲ ಖಾಲಿ ಕಂಡ ಮಾತ್ರಕ್ಕೆ ಗಾಳಿ ಆಡುತ್ತದೆಂದು ನಂಬುವಂತಿಲ್ಲ. ಮುಂಬಯಿಯಲ್ಲಿ ಚೀಲಗಳನ್ನು ಕೊಲ್ಲುವುದು ಫ್ಲ್ಯಾಟಿನ ರಿಪೇರಿ ಕೆಲಸದ ಧೂಳು: ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಗೋಡೆ ಉಜ್ಜಿದ ಪುಟ್ಟಿ, ಸಿಮೆಂಟು. ರಂಗೋಲಿ ಪುಡಿಯೂ ಊದುಬತ್ತಿಯ ಬೂದಿಯೂ ಅದೇ ಜಾತಿ. ಇವು ಬಟ್ಟೆಯ ರಂಧ್ರಗಳನ್ನು ಕೆಲವೇ ನಿಮಿಷದಲ್ಲಿ ಮುಚ್ಚುತ್ತವೆ. ನುಸುಳಿ ಒಳಹೋದದ್ದು ಬೇರಿಂಗನ್ನು ಸವೆಸುತ್ತದೆ. ಇಂಥ ಧೂಳಿಗೆ ಒದ್ದೆ ಬಟ್ಟೆಯೇ ಸರಿ, ಈ ಯಂತ್ರ ಬೇಡ. ಬಟ್ಟೆಯ ಚೀಲವನ್ನು ಒಳಹೊರಗು ಮಾಡಿ ಬ್ರಶ್ಶಿನಿಂದ ಉಜ್ಜಿ ಕೊಡವಬೇಕು. ನೀರಿಗೆ ಹಾಕಿದರೆ ಧೂಳು ರಂಧ್ರದೊಳಗೇ ಕೆಸರಾಗಿ ಗಟ್ಟಿಯಾಗುತ್ತದೆ. ಸ್ಪಂಜಿನ ಫಿಲ್ಟರನ್ನು ತೊಳೆಯಬಹುದು, ಆದರೆ ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಅದಕ್ಕೆ ಎರಡು ದಿನವೂ ಹಿಡಿದೀತು.

ಚೀಲ, ಫಿಲ್ಟರ್ ಎರಡೂ ಸರಿಯಿದ್ದು ಎಳೆತವಿಲ್ಲದಿದ್ದರೆ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ ಮುಟ್ಟಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಗಾಳಿ ಅಲ್ಲಿಂದ ಕಳ್ಳದಾರಿ ಹಿಡಿದಿದೆ. ಅಷ್ಟೇ ದಪ್ಪದ ಫೋಮ್ ಪಟ್ಟಿ ಅಂಟಿಸಿದರೆ ಸಾಕು.

ಯಂತ್ರ ಶುರುವಾಗುವುದೇ ಇಲ್ಲವೆಂದಾದರೆ ಪ್ಲಗ್ ಕಿತ್ತು, ಸ್ವಿಚ್ ಆನ್ ಇಟ್ಟು, ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಕೆಲವೇ ಓಮ್ ತೋರಿಸಿದರೆ ದಾರಿ ಅಖಂಡವಾಗಿದೆ. ಸ್ಪೀಡ್ ಗುಂಡಿ ಇಲ್ಲದ ಯಂತ್ರದಲ್ಲಿ ಏನೂ ತೋರದಿದ್ದರೆ ವೈರು, ಸ್ವಿಚ್, ಕಟೌಟ್, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಇವುಗಳಲ್ಲೊಂದು ಹೋಗಿರುವ ಸಂಭವ ಹೆಚ್ಚು. ವೈರು ಅಲುಗಿಸಿದಾಗ ಯಂತ್ರ ಓಡಿ ನಿಂತರೆ ವೈರೇ ಒಳಗೆ ತುಂಡಾಗಿರಬಹುದು, ಇಲ್ಲವೇ ಅದು ಸುತ್ತಿಕೊಳ್ಳುವ ರೀಲಿನ ಒಳಗಿನ ತಾಮ್ರದ ಉಂಗುರ ಕಪ್ಪಾಗಿರಬಹುದು. ಆ ರೀಲಿನ ಸ್ಪ್ರಿಂಗ್ ಬಿಗಿಯಾಗಿ ಸುತ್ತಿರುತ್ತದೆ, ಚಿಮ್ಮಿ ಗಾಯ ಮಾಡುತ್ತದೆ. ಅದನ್ನು ಬಿಚ್ಚುವ ಕೆಲಸ ಬಲ್ಲವರಿಗೇ ಬಿಡಿ. 1000 ವಾಟ್ ಯಂತ್ರ ನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುವುದರಿಂದ ತೆಳು ಎಕ್ಸ್‌ಟೆನ್ಶನ್ ವೈರು ಬೇಡವೇ ಬೇಡ, ರೀಲಿನ ವೈರನ್ನೂ ಪೂರ್ತಿ ಹೊರಗೆಳೆದೇ ಓಡಿಸಬೇಕು.

ಕಾರ್ಬನ್ ಬ್ರಶ್ ಸವೆದು ಆರೇಳು ಮಿಲಿಮೀಟರಿಗೆ ಬಂದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನೇ ಮಾದರಿಗೆ ಹಿಡಿದು ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳಿಗೆ ಹೋಗಿ ಅಗಲ, ದಪ್ಪ, ಸ್ಪ್ರಿಂಗ್ ಹೊಂದಿಸಿ ತನ್ನಿ. ಸ್ಪೀಡ್ ಗುಂಡಿ ಇದ್ದರೆ ಹೊಸ ಕಾರ್ಬನ್ ಹಾಕಿದ ಮೇಲೆ ಕಡಿಮೆ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ ಕೂರಿಸಬೇಕು. ಸಣ್ಣ ನೀಲಿ ಕಿಡಿ ಸಹಜ. ಕಾರ್ಬನ್ ಉಜ್ಜುವ ತಾಮ್ರದ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯೇ ಕಂಡರೆ ಮಾತ್ರ ಆರ್ಮೇಚರ್, ಅಂದರೆ ಮೋಟಾರಿನ ತಿರುಗುವ ಭಾಗ, ಕೆಟ್ಟಿರುವ ಸಂಭವ ಹೆಚ್ಚು. ಗರಗರ ಸದ್ದಿಗೆ ಬೇರಿಂಗ್ ಕಾರಣ. ಹಲವು ಮೋಟಾರುಗಳಲ್ಲಿ 608 ಎಂಬ ಅಳತೆ ಇರುತ್ತದೆ: ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಸ್ಕೇಟಿಂಗ್ ಚಕ್ರದ ಬೇರಿಂಗಿನದೂ ಇದೇ ಅಳತೆಯೆಂದು ಅಗ್ಗಕ್ಕೆ ಕೊಟ್ಟಾರು. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಮೋಟಾರಿಗೆ ಅದು ತಾಳುವುದಿಲ್ಲ. ನಾಗದೇವಿ ಸ್ಟ್ರೀಟಿನಲ್ಲಿ ಹೈ ಸ್ಪೀಡ್ ಬೇರಿಂಗ್ ಎಂದೇ ಕೇಳಬೇಕು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ, ಕಂಪನಿಗಳು ರಿಪೇರಿ ಮತ್ತು ಬಿಡಿಭಾಗಗಳ ಮಾಹಿತಿ ಕೊಡುವ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ತೆರೆದಿದೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎನ್ನುವ ಅಂಗಡಿಯವರು ಚೀಲ, ಫಿಲ್ಟರ್, ಕಾರ್ಬನ್ ಎಲ್ಲಿ ಸಿಗುತ್ತದೆಂದೂ ಗ್ರಾಹಕರಿಗೆ ಹೇಳಲಿ. ರಿಪೇರಿಗೆ ಕೊಡುವವರು ಬಿಚ್ಚಿದ ಹಳೆಯ ಭಾಗವನ್ನು ವಾಪಸು ಕೇಳಿ ಪಡೆಯಲಿ. "ಮೋಟಾರ್ ಬದಲಿಸಬೇಕು" ಎಂದವರಿಗೆ ಮೊದಲು ಚೀಲ ತೆಗೆದು ಓಡಿಸಿ ತೋರಿಸಲು ಹೇಳಿ.

ಇಂತು,
ಗೃಹೋಪಕರಣ ದುರಸ್ತಿ ಬಲ್ಲ ಓದುಗರು,
ಮಾಟುಂಗಾ, ಮುಂಬಯಿ