ನಗುವ ರೋಗಿಯನ್ನು ಗದರಬೇಡಿ

ಕ್ಯಾನ್ಸರ್ ರೋಗಿ ನಕ್ಕರೆ ಹುಬ್ಬೇರಿಸುವ ಬಂಧುಗಳು ರೋಗಕ್ಕಿಂತ ಹೆಚ್ಚು ಹಿಂಸೆ ಕೊಡುತ್ತಾರೆ. ಕಿಮೋಥೆರಪಿಯಿಂದ ಕೂದಲು ಉದುರಿದ ನಮ್ಮ ಅತ್ತಿಗೆ, ‘ಸದ್ಯ, ಶಾಂಪೂ ಖರ್ಚು ಉಳಿಯಿತು’ ಎಂದು ತಲೆ ಸವರಿಕೊಂಡಾಗ, ನೋಡಲು ಬಂದವರೊಬ್ಬರು ‘ಇದೇನು ತಮಾಷೆಯ ಹೊತ್ತೇ?’ ಎಂದು ಗದರಿದರು. ಎಳನೀರು ತಂದವರು ಕಣ್ಣೀರನ್ನೂ ಏಕೆ ತರಬೇಕು?

ಕಿರುತೆರೆಯಲ್ಲಿ ವರಲಕ್ಷ್ಮಿಯಾಗಿ ನಾಡನ್ನು ನಗಿಸಿದ್ದ ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರ್‌ನೊಡನೆ ಸೆಣಸುತ್ತಿದ್ದುದು ಹೆಚ್ಚಿನವರಿಗೆ ತಿಳಿದದ್ದು 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆಯೇ. ಯಾರ ಮರುಕವನ್ನೂ ಅವರು ಬೇಡಲಿಲ್ಲ. ಹಾಗೆಂದು ರೋಗಿಯನ್ನು ಒತ್ತಾಯಿಸಿ ನಗಿಸುವುದೂ ಸಲ್ಲದು. ತಮಾಷೆ ಅವರಿಂದಲೇ ಹೊರಡಬೇಕು.

ಕಿದ್ವಾಯಿಯಂತಹ ಆಸ್ಪತ್ರೆಗಳು ಆಪ್ತ ಸಮಾಲೋಚನೆಗೆ ಬಂಧುಗಳನ್ನೂ ಕೂರಿಸಿಕೊಂಡು, ರೋಗಿಯ ಮುಂದೆ ಹೇಗೆ ಮಾತನಾಡಬೇಕೆಂದು ತಿಳಿಸಿಕೊಡಲಿ.

– ಓದುಗರೊಬ್ಬರು, ಮೈಸೂರು