ಅಮ್ಮಂದಿರ ದಿನ ಅಂಗಡಿಯವರು ಹುಟ್ಟುಹಾಕಿದ್ದಲ್ಲ

ಮಾನ್ಯ ಸಂಪಾದಕರೇ,

ಅಮ್ಮಂದಿರ ದಿನಕ್ಕೆಂದು ನೀವು ತಂದ ಭಾನುವಾರದ ಪುರವಣಿಯನ್ನು ಬಿಡದೆ ಓದಿದೆ. ಎರಡು ದಿನದ ನಂತರ ಇದೇ ಅಂಕಣದಲ್ಲಿ ಓದುಗರೊಬ್ಬರು, ‘ಇದು ಗ್ರೀಟಿಂಗ್ ಕಾರ್ಡ್ ಮಾರುವವರು ಹುಟ್ಟುಹಾಕಿದ ಹಬ್ಬ. ನಮಗೆ ವರ್ಷಪೂರ್ತಿ ಅಮ್ಮನ ದಿನವೇ’ ಎಂದು ಬರೆದಿದ್ದರು. ಹಳ್ಳಿಗಳಲ್ಲಿ ಬಸುರಿ, ಬಾಣಂತಿ, ಹಸುಗೂಸುಗಳ ನಡುವೆಯೇ ನೌಕರಿ ಮುಗಿಸಿದವಳು ನಾನು. ಆ ಎರಡೂ ಮಾತಿಗೆ ಉತ್ತರ ಹೇಳದೆ ಸುಮ್ಮನಿರಲು ಆಗಲಿಲ್ಲ.

ಮೊದಲು ಹುಟ್ಟಿನ ವಿಷಯ. ಈ ದಿನದ ಬೇರು ಇರುವುದು ಅಮೆರಿಕದ ವೆಸ್ಟ್ ವರ್ಜೀನಿಯಾದ ಗುಡ್ಡಗಾಡು ಊರುಗಳಲ್ಲಿ. ಆ್ಯನ್ ರೀವ್ಸ್ ಜಾರ್ವಿಸ್ ಅಲ್ಲಿನ ಒಬ್ಬ ಗೃಹಿಣಿ. ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತರೂ ಬೆಳೆದು ದೊಡ್ಡವರಾದವರು ನಾಲ್ಕೇ ಮಂದಿ. ದಡಾರ, ವಿಷಮಶೀತ ಜ್ವರ, ಗಂಟಲಮಾರಿಗಳು ಮನೆಮನೆಯ ಕೂಸುಗಳನ್ನು ಒಯ್ಯುತ್ತಿದ್ದ ಕಾಲ ಅದು. ಆ ತಾಯಿ 1858ರಲ್ಲಿ ಸುತ್ತಲಿನ ಊರುಗಳ ಹೆಂಗಸರನ್ನು ಕೂಡಿಸಿ ಸಂಘಗಳನ್ನು ಕಟ್ಟಿದರು. ಅವಕ್ಕೆ ಇಟ್ಟ ಹೆಸರೇ ‘ಮದರ್ಸ್ ಡೇ ವರ್ಕ್ ಕ್ಲಬ್’. ವೈದ್ಯರಾಗಿದ್ದ ಅಣ್ಣ ಜೇಮ್ಸ್ ರೀವ್ಸ್ ಬಂದು ಈ ಹೆಂಗಸರಿಗೆ ಶುಚಿತ್ವದ ಪಾಠ ಹೇಳಿಕೊಟ್ಟರು. ಮಕ್ಕಳು ಕುಡಿಯುವ ಹಾಲನ್ನು ಪರೀಕ್ಷಿಸುವುದು, ಔಷಧಿಗೆ ದುಡ್ಡು ಕೂಡಿಸುವುದು, ತಾಯಿಗೆ ಕ್ಷಯ ತಗುಲಿದ ಮನೆಗೆ ಕೆಲಸದ ಹೆಂಗಸನ್ನು ಗೊತ್ತುಮಾಡುವುದು ಇವೆಲ್ಲ ಸಂಘದ ಕೆಲಸ. ನಮ್ಮ ಆಶಾ ಕಾರ್ಯಕರ್ತೆಯರು ಇದನ್ನು ಓದಿದರೆ ತಮ್ಮದೇ ದಿನಚರಿ ಎಂದುಕೊಂಡಾರು.

1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹತ್ತಿಕೊಂಡಾಗ ಆ ಊರುಗಳಲ್ಲಿ ಎರಡೂ ಕಡೆಯವರು ಇದ್ದರು. ನಮ್ಮ ಸಂಘ ಯಾವ ಪಕ್ಷಕ್ಕೂ ಸೇರಿದ್ದಲ್ಲ ಎಂದು ಆ್ಯನ್ ಗಟ್ಟಿಯಾಗಿ ನಿಂತರು. ಶಿಬಿರಗಳಲ್ಲಿ ಜ್ವರ ಹಬ್ಬಿದಾಗ ಸಮವಸ್ತ್ರದ ಬಣ್ಣ ನೋಡದೆ ಎಲ್ಲ ಸೈನಿಕರಿಗೂ ಸಂಘದ ಹೆಂಗಸರು ಶುಶ್ರೂಷೆ ಮಾಡಿದರು. ಯುದ್ಧ ಮುಗಿದ ಮೇಲೆ, 1868ರಲ್ಲಿ, ಎರಡೂ ಕಡೆಯ ಸೈನಿಕರನ್ನೂ ಅವರ ಮನೆಯವರನ್ನೂ ಪ್ರಂಟಿಟೌನ್ ಎಂಬಲ್ಲಿ ಒಂದೆಡೆ ಸೇರಿಸಿದರು. ಕೊಂದವರ ಮನೆಯವರೂ ಸತ್ತವರ ಮನೆಯವರೂ ಎದುರುಬದುರು ನಿಲ್ಲುವ ಜಾಗಕ್ಕೆ ಜನರನ್ನು ಕರೆಯಲು ಎಂಥ ಎದೆ ಬೇಕು, ಯೋಚಿಸಿ.

ಈಗ ಎಲ್ಲರೂ ಆಚರಿಸುವ ದಿನವನ್ನು ಜಾರಿಗೆ ತಂದವರು ಅವರ ಮಗಳು ಆ್ಯನಾ ಜಾರ್ವಿಸ್. ತಾಯಿ ತೀರಿಕೊಂಡದ್ದು 1905ರ ಮೇ 9ರಂದು. ಮೂರು ವರ್ಷದ ನಂತರ, 1908ರ ಮೇ 10ರ ಭಾನುವಾರ, ತಾಯಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಮೊದಲ ಆಚರಣೆ ನಡೆಯಿತು. ಆ್ಯನಾ ಅಲ್ಲಿಗೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದ್ದರು. ಅದು ಅಮ್ಮನಿಗೆ ಇಷ್ಟದ ಹೂ. ಈ ಹೂ ಬಾಡುವಾಗ ಎಸಳು ಉದುರಿಸದೆ ಎದೆಗೆ ಅವುಚಿಕೊಳ್ಳುತ್ತದೆ, ತಾಯಿಯೂ ಹಾಗೆಯೇ ಎಂದು ಆ್ಯನಾ ಹೇಳುತ್ತಿದ್ದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಇಡೀ ದೇಶಕ್ಕೆ ತಾಯಂದಿರ ದಿನವೆಂದು ಘೋಷಿಸಿದರು.

ವ್ಯಾಪಾರ ಬಂದದ್ದು ಇದರ ಬೆನ್ನಿಗೆ. ಹೂವಿನ ಬೆಲೆ ಏರಿತು, ಕಾರ್ಡುಗಳು ಬಂದವು, ಮಿಠಾಯಿ ಡಬ್ಬಿಗಳು ಬಂದವು. ಅದನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರು ಇದೇ ಆ್ಯನಾ. ಅಚ್ಚಾದ ಕಾರ್ಡು ಕಳಿಸುವವರಿಗೆ, ನಿನಗಾಗಿ ಅಷ್ಟು ಮಾಡಿದವಳಿಗೆ ನಾಲ್ಕು ಸಾಲು ಬರೆಯಲೂ ಸೋಮಾರಿತನವೇ ಎಂದು ಕೇಳುತ್ತಿದ್ದರು. 1923ರಲ್ಲಿ ಮಿಠಾಯಿ ವ್ಯಾಪಾರಿಗಳ ಸಮಾವೇಶಕ್ಕೇ ನುಗ್ಗಿ ಪ್ರತಿಭಟಿಸಿದರು. 1925ರಲ್ಲಿ ಸೈನಿಕರ ತಾಯಂದಿರ ಸಂಘವೊಂದು ನಿಧಿಗಾಗಿ ಕಾರ್ನೇಷನ್ ಮಾರುತ್ತಿದೆಯೆಂದು ಅಲ್ಲಿಗೂ ಹೋಗಿ ಜಗಳ ತೆಗೆದು, ಶಾಂತಿಭಂಗದ ಆರೋಪದ ಮೇಲೆ ಬಂಧನಕ್ಕೊಳಗಾದರು. ಆ ಸಂಘದ ಮೇಲಿನ ಕೋಪ ಅತಿಯಾಯಿತು ಎಂದೇ ನನಗನಿಸುತ್ತದೆ. ಆದರೆ ಇದ್ದಬದ್ದ ಆಸ್ತಿಯನ್ನೆಲ್ಲ ಈ ಹೋರಾಟಕ್ಕೇ ಸುರಿದು, ತಾನು ತಂದ ದಿನವನ್ನೇ ರದ್ದು ಮಾಡಿ ಎಂದು ಸಹಿ ಸಂಗ್ರಹಿಸುವವರೆಗೂ ಹೋದ ಹೆಣ್ಣುಮಗಳು ಆಕೆ. ಸ್ವಂತ ಮಕ್ಕಳಿರಲಿಲ್ಲ. 1948ರಲ್ಲಿ ಒಂದು ಆರೋಗ್ಯಧಾಮದಲ್ಲಿ, ಕೈಯಲ್ಲಿ ಕಾಸಿಲ್ಲದೆ ಪ್ರಾಣ ಬಿಟ್ಟರು. ಇದನ್ನು ಕಾರ್ಡಿನವರ ಹಬ್ಬ ಎಂದರೆ ಆಕೆಗೆ ಅನ್ಯಾಯವಾಗುತ್ತದೆ.

ಇನ್ನೊಂದು ಸಂಗತಿ ಇದೆ, ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಇಂಗ್ಲಿಷಿನಲ್ಲಿ ಈ ದಿನದ ಹೆಸರು ಬರೆಯುವಾಗ ಒಂದು ಪುಟ್ಟ ಗುರುತು ಹಾಕುತ್ತಾರೆ. ಅದು ‘ಮದರ್ಸ್’ ಪದದ ಕೊನೆಯ ‘ಎಸ್’ಗೆ ಮೊದಲು ಬಂದರೆ ಒಬ್ಬ ತಾಯಿಯ ದಿನ, ‘ಎಸ್’ ಆದಮೇಲೆ ಬಂದರೆ ಎಲ್ಲ ತಾಯಂದಿರ ದಿನ. ಪ್ರತಿ ಮನೆಯವರೂ ತಮ್ಮ ತಮ್ಮ ಅಮ್ಮನನ್ನು ನೆನೆಯಲಿ ಎಂದು ಆ್ಯನಾ ಮೊದಲನೆಯದನ್ನೇ ಹಟ ಹಿಡಿದು ಉಳಿಸಿಕೊಂಡರು. ಅವರ ತಾಯಿ ಮಾಡಿದ್ದಾದರೋ ಎರಡನೆಯದು, ನೆರೆಮನೆಯ ತಾಯಿಯ ಕೂಸನ್ನು ಉಳಿಸುವ ಕೆಲಸ. ನಾವು ಕನ್ನಡದಲ್ಲಿ ‘ಅಮ್ಮಂದಿರ ದಿನ’ ಎಂದೇ ಕರೆಯುತ್ತೇವೆ. ಯಾರು ಮೊದಲು ಹಾಗೆ ಬರೆದರೋ, ಅವರಿಗೆ ಕೈಮುಗಿಯುತ್ತೇನೆ.

ನನ್ನ ಉಪಕೇಂದ್ರಕ್ಕೆ ಸೇರಿದ ಒಂದು ಹಟ್ಟಿಯಲ್ಲಿ ಒಂದು ಮಳೆಗಾಲ ವಾಂತಿಭೇದಿ ಹಬ್ಬಿತ್ತು. ಒಂದೂವರೆ ವರ್ಷದ ಮಗುವೊಂದು ತಾಲ್ಲೂಕು ಆಸ್ಪತ್ರೆ ಮುಟ್ಟುವ ಮೊದಲೇ, ಟ್ರ್ಯಾಕ್ಟರಿನಲ್ಲಿ, ತಾಯಿಯ ಮಡಿಲಲ್ಲೇ ಹೋಯಿತು. ನಾಲ್ಕನೇ ದಿನ ಆ ಹೆಂಗಸು ನನ್ನೆದುರು ಬಂದು ನಿಂತಳು. ‘ನರ್ಸಮ್ಮ, ಒಂದು ಲೀಟರು ಅಂದ್ರೆ ಎಷ್ಟು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ಆ ಪುಡೀನ ಒಂದು ಲೋಟಕ್ಕೇ ಹಾಕಿಬಿಟ್ಟಿದ್ದೆ’ ಅಂದಳು. ಓಆರ್‌ಎಸ್ ಪೊಟ್ಟಣ, ಅಂದರೆ ವಾಂತಿಭೇದಿಯಾದಾಗ ಒಂದು ಲೀಟರು ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಕೊಟ್ಟವಳು ನಾನೇ. ನೀರು ಕಡಿಮೆಯಾದರೆ ಅದೇ ಕೂಸಿಗೆ ಅಪಾಯ. ಅಳತೆ ಬಾಯಲ್ಲಿ ಹೇಳಿದ್ದೆ, ಪಾತ್ರೆಯಲ್ಲಿ ತೋರಿಸಿರಲಿಲ್ಲ. ಆ ತಪ್ಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವಳು ಒಂದು ಲೀಟರಿನ ಖಾಲಿ ಎಣ್ಣೆ ಬಾಟಲಿ, ಒಂದು ಮೊಳೆ ಹಿಡಿದುಕೊಂಡು ನನ್ನ ಜೊತೆ ಹೊರಟಳು. ಮನೆಮನೆಯಲ್ಲೂ ಬಾಟಲಿ ನೀರನ್ನು ಅವರ ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಒಳಗೆ ಮೊಳೆಯಿಂದ ಗೀರು ಎಳೆದಳು. ಆ ವರ್ಷ ಆ ಹಟ್ಟಿಯಲ್ಲಿ ಇನ್ನೊಂದು ಕೂಸು ಹೋಗಲಿಲ್ಲ.

‘ವರ್ಷಪೂರ್ತಿ ಅಮ್ಮನ ದಿನವೇ’ ಎಂಬ ಮಾತಿಗೂ ನಾನು ಕಂಡದ್ದನ್ನೇ ಹೇಳುತ್ತೇನೆ. ಹಾಗೆ ಹೇಳುವ ಮನೆಗಳಲ್ಲೇ ಎಲ್ಲರ ಊಟವಾದ ಮೇಲೆ ತಳದ ಸಾರು ಬಳಿದುಕೊಂಡು ಉಣ್ಣುವ ಬಸುರಿಯರನ್ನು ನೋಡಿದ್ದೇನೆ. ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆ ಕಾಗದದಂತೆ ಬಿಳುಪು. ತಾಯಿ ಕಾರ್ಡಿನಲ್ಲಿ ರಕ್ತದ ಅಂಶ ಬರೆಯುವಾಗ ನನ್ನ ಕೈ ನಡುಗಿದ್ದುಂಟು.

ನಮ್ಮ ದೇಶಕ್ಕೂ ಇಂಥದೊಂದು ದಿನವಿದೆ. ಕಸ್ತೂರಬಾ ಅವರ ಜನ್ಮದಿನವಾದ ಏಪ್ರಿಲ್ 11ನ್ನು ಸರ್ಕಾರ 2003ರಲ್ಲಿ ರಾಷ್ಟ್ರೀಯ ಸುರಕ್ಷಿತ ತಾಯ್ತನ ದಿನವೆಂದು ಘೋಷಿಸಿತು. ಅದಕ್ಕೆ ಪುರವಣಿ ಬಂದದ್ದನ್ನು ನಾನು ನೋಡಿಲ್ಲ. ಬರುವ ವರ್ಷ ಏಪ್ರಿಲ್ 11ರಿಂದ ಮೇ ಎರಡನೇ ಭಾನುವಾರದವರೆಗೆ ದಿನಕ್ಕೊಂದು ತಾಲ್ಲೂಕಿನ ಸ್ಥಿತಿ ಪ್ರಕಟಿಸಿ ಎಂದು ಕೇಳಿಕೊಳ್ಳುತ್ತೇನೆ. ರಾತ್ರಿ ಹೆರಿಗೆ ಮಾಡಿಸುವವರು ಇದ್ದಾರೆಯೇ, ರಕ್ತ ಸಿಗುವುದು ಎಷ್ಟು ದೂರದಲ್ಲಿ, 108 ಕರೆದರೆ ಎಷ್ಟು ಹೊತ್ತಿಗೆ ಬರುತ್ತದೆ, ಇಷ್ಟು ಸಾಕು. ವಿವರ ಕೂಡಿಸಿಕೊಡುವವರು ಬೇಕಿದ್ದರೆ ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ನನ್ನ ತಾಲ್ಲೂಕಿನದನ್ನು ನಾನೇ ಬರೆದು ಕಳಿಸುತ್ತೇನೆ.

ಇಂತಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ
ತುಮಕೂರು ಜಿಲ್ಲೆ